ಫೈರ್‌ಮನ್ ಗಿರಿಯಪ್ಪನ ಅಂಜಿಕೆ

ಗಿರಿಯಪ್ಪನ ಗಡ್ಡ ಮೊದಲಿನಂತೆ ಬೆಳೆಯುತ್ತಿಲ್ಲ ಎಂದು ಮೊದಲು ಹೇಳಿದವನು ಕ್ಷೌರದ ಹೊಳೆಯಪ್ಪ.

೧೯೬೨ರ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಹುಬ್ಬಳ್ಳಿ ಸ್ಟೇಶನ್ನಿನ ಹಿಂದೆ ಬೇವಿನ ಮರದ ಬುಡದಲ್ಲಿ ಒಂದು ಕುರ್ಚಿ ಹಾಕಿ, ಮರಕ್ಕೆ ಕನ್ನಡಿ ತೂಗುಹಾಕಿಕೊಂಡು ಹೊಳೆಯಪ್ಪ ರೈಲ್ವೆ ಮಂದಿಯ ಕ್ಷೌರ ಮಾಡುತ್ತಿದ್ದ. ಗಿರಿಯಪ್ಪನದು ಒರಟು ಗಡ್ಡ. ನಾಲ್ಕು ದಿನಕ್ಕೊಮ್ಮೆ ಬರದಿದ್ದರೆ ಮುಖ ಕರಡಿಯಂತೆ ಕಾಣುತ್ತಿತ್ತು. ಅಂದು ಅವನು ಬಂದದ್ದು ಹನ್ನೆರಡು ದಿನದ ಮೇಲೆ.

ಹೊಳೆಯಪ್ಪ ಕೆನ್ನೆಗೆ ನೀರು ಹಚ್ಚಿ, ಕೈಯಾಡಿಸಿ, ಕತ್ತಿಯನ್ನು ಕೆಳಗಿಟ್ಟ.

"ಯಾಕೋ ಹೊಳೆಪ್ಪಾ?"

"ಏನಿಲ್ರಿ ಗಿರಿಯಪ್ಪಣ್ಣ. ಮೊದಲ ನಿಮ್ಮ ಗಡ್ಡ ತೆಗಿಯೂದ್ರಾಗ ನನ್ನ ಕತ್ತಿ ಮೊಂಡ ಆಗ್ತಿತ್ತು. ಈಗ ನೋಡ್ರಿ, ಹುಡುಗ್ರ ಗಲ್ಲ ಆದಂಗ ಆಗೇತಿ. ಮೈಯಾಗ ಆರಾಮ ಇಲ್ಲೇನು?"

ಅವನು ಸಹಜವಾಗಿಯೇ ಕೇಳಿದ್ದ. ಗಿರಿಯಪ್ಪ ನಕ್ಕು ಬಿಟ್ಟ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಗಲ್ಲ ಸವರಿಕೊಳ್ಳುತ್ತಲೇ ಇದ್ದ. ಯಾಕೆಂದರೆ ಹೊಳೆಯಪ್ಪ ಕಂಡದ್ದು ಅರ್ಧ ಮಾತ್ರ. ಉಳಿದರ್ಧ ಗಿರಿಯಪ್ಪನಿಗೆ ಗೊತ್ತಿತ್ತು, ಅವನ ಹೆಂಡತಿಗೆ ಗೊತ್ತಿತ್ತು. ಆರು ತಿಂಗಳಿಂದ ಅವನು ಹೆಂಡತಿಯ ಹತ್ತಿರ ಹೋಗಿರಲಿಲ್ಲ. ಮನಸ್ಸು ಇಲ್ಲವೆಂದಲ್ಲ, ಮೈಯೇ ಏಳುತ್ತಿರಲಿಲ್ಲ. ಎರಡು ಸಲ ಪ್ರಯತ್ನಪಟ್ಟು, ಎರಡು ಸಲವೂ ಸೋತು, ಗೋಡೆ ಕಡೆ ತಿರುಗಿ ಮಲಗಿದ್ದ.

ಗಿರಿಯಪ್ಪನ ಅಪ್ಪ ಇಂಜಿನ್ ಶೆಡ್ಡಿನಲ್ಲಿ ಕಲ್ಲಿದ್ದಲು ಹೊತ್ತು ಹೊತ್ತು ಸತ್ತವನು. ಮಗ ಹದಿನೆಂಟಕ್ಕೆ ಅದೇ ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಇಪ್ಪತ್ತೈದಕ್ಕೆ ಫೈರ್‌ಮನ್ ಆಗಿದ್ದ. ಉಗಿ ಇಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವುದು, ಬಾಯ್ಲರಿಗೆ ನೀರು ಬಿಡುವುದು ಅವನ ಕೆಲಸ. ಮುಂದೆ ಡ್ರೈವರ್ ಆಗಬೇಕೆಂಬುದೊಂದೇ ಆಸೆ. ಅವರ ಮನೆತನದಲ್ಲಿ ಯಾರೂ ಇಂಜಿನ್ನಿನ ಬಲಗಡೆ, ಡ್ರೈವರ್ ಜಾಗದಲ್ಲಿ, ಕೂತವರಿರಲಿಲ್ಲ.

ಗೋವೆ ಬಿಡುಗಡೆಯಾಗಿ ಅಲ್ಲಿಗೆ ರೈಲು ದಾರಿ ಮತ್ತೆ ತೆರೆದ ಮೇಲೆ ಕ್ಯಾಸಲ್‌ರಾಕ್ ಘಟ್ಟದ ಮೇಲೆ ಗಾಡಿಗಳು ಹೆಚ್ಚಾದವು. ಘಟ್ಟದಲ್ಲಿ ಪಳಗಿದವನು ಬೇಗ ಡ್ರೈವರ್ ಆಗುತ್ತಾನೆಂದು ಶೆಡ್ಡಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಗಿರಿಯಪ್ಪ ಆ ಮಾತು ನಂಬಿ ತಾನೇ ಹೋಗಿ ಹೆಸರು ಬರೆಸಿದ. ಯಾರಿಗಾದರೂ ಜಡ್ಡಾದರೆ ಅವರ ಪಾಳಿಗೂ ನಿಂತ. ಯಾರೂ ಬಲವಂತ ಮಾಡಿರಲಿಲ್ಲ. ಸುತ್ತ ಕಾಡು, ಎದುರಿಗೆ ಉರಿಯುವ ಒಲೆ, ಏರು ಬಂದಾಗ ಕೈ ನಿಲ್ಲಿಸುವಂತಿಲ್ಲ. ಹತ್ತು, ಹನ್ನೆರಡು ತಾಸು ಹಾಗೆ ದುಡಿದು ಗೋಪನಕೊಪ್ಪದ ಮನೆಗೆ ಬಂದರೆ ಅದು ಒಮ್ಮೆ ಮುಂಜಾನೆ, ಒಮ್ಮೆ ಮಟಮಟ ಮಧ್ಯಾಹ್ನ. ತಗಡಿನ ಮಾಡು ಕಾದು ಬಾಣಲೆಯಾಗಿರುತ್ತಿತ್ತು. ಪಕ್ಕದ ಮನೆಯಲ್ಲಿ ಖಾರ ಕುಟ್ಟುವ ಸದ್ದು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಶೆಡ್ಡಿನಿಂದ ಕರೆಯುವವನು ಬಂದು ಬಾಗಿಲು ಬಡಿಯುತ್ತಿದ್ದ. ದಿನಕ್ಕೆ ಮೂರು ತಾಸು, ಹೆಚ್ಚೆಂದರೆ ನಾಲ್ಕು ತಾಸು ನಿದ್ದೆ. ಅದೂ ತುಂಡು ತುಂಡು. ಹೀಗೆ ವರ್ಷವಾಗುತ್ತ ಬಂದಿತ್ತು.

ನಿದ್ದೆಗೂ ತನ್ನ ಈ ಅವಸ್ಥೆಗೂ ಸಂಬಂಧವಿದ್ದೀತು ಎಂದು ಗಿರಿಯಪ್ಪನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ತೋಳು ಸಣ್ಣಗಾಗುತ್ತಿತ್ತು, ಹೊಟ್ಟೆಯ ಮೇಲೆ ಮಾತ್ರ ಮೆತ್ತನೆಯ ಬೊಜ್ಜು ಬರುತ್ತಿತ್ತು. ಸಿಟ್ಟು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಜಿಕೆ ಹೆಚ್ಚಾದಂತೆ ಅವನು ಮನೆಯನ್ನೇ ತಪ್ಪಿಸತೊಡಗಿದ. ಮನೆಗೆ ಹೋದರೆ ಹೆಂಡತಿ ಶೇವಂತೆವ್ವನ ಮುಖ ನೋಡಬೇಕು. ಅದಕ್ಕಿಂತ ಇನ್ನೊಂದು ಪಾಳಿ ಮೇಲು ಎಂದು ಬಿಡುವು ಸಿಕ್ಕ ದಿನವೂ ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದ. ಪಾಳಿ ಹೆಚ್ಚಾದಷ್ಟೂ ನಿದ್ದೆ ಹೋಯಿತು. ನಿದ್ದೆ ಹೋದಷ್ಟೂ ಮೈ ಇನ್ನಷ್ಟು ತಣ್ಣಗಾಯಿತು.

ಶೇವಂತೆವ್ವ ಕಡಿಮೆ ಮಾತಿನ ಹೆಣ್ಣುಮಗಳು. ಒಂದು ಮಧ್ಯಾಹ್ನ ರೊಟ್ಟಿ ಬಡಿಸುತ್ತ ಕೇಳಿಯೇಬಿಟ್ಟಳು.

"ನೀವು ಇಳಕೊಳ್ಳೂ ಲೋಂಡಾದಾಗ ಯಾರರ ಅದಾರೇನ್ರಿ?"

"ಯಾರು?"

"ಹೆಂಗಸರು."

ಗಿರಿಯಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಲ್ಲ ಅನ್ನಲು ಬಾಯಿ ತೆರೆದ. ಇಲ್ಲ ಅಂದರೆ, ಮತ್ತೇನು ಎಂದು ಅವಳು ಕೇಳುತ್ತಾಳೆ. ತಾಟು ಬಿಟ್ಟು ಎದ್ದು ಹೋದ. ಹೆಂಡತಿ ತನ್ನನ್ನು ಬೇರೆ ಹೆಣ್ಣಿನವನೆಂದು ತಿಳಿದರೂ ಅಡ್ಡಿಯಿಲ್ಲ, ಗಂಡಸಲ್ಲವೆಂದು ತಿಳಿಯದಿದ್ದರೆ ಸಾಕು ಎಂದು ಅಂದು ತನಗೆ ಅನ್ನಿಸಿತ್ತು ಎಂದು ಎಷ್ಟೋ ವರ್ಷದ ಮೇಲೆ ಅವನೇ ನಾಚಿಕೆಯಿಂದ ಹೇಳಿಕೊಂಡ.

ಅಂಜಿಕೆ ಅವನನ್ನು ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಡೇರೆ ಹಾಕಿಕೊಂಡಿದ್ದ ಒಬ್ಬ ಔಷಧಿಯವನ ಬಳಿ ಒಯ್ದಿತು. ಬಾಟಲಿಗಳಲ್ಲಿ ಹಾವು, ಚೇಳು, ಬೇರು. ಅವನು ನಾಡಿ ಹಿಡಿದಂತೆ ಮಾಡಿ, ಪರದೆಯ ಹಿಂದೆ ಕರೆದೊಯ್ದು ಅಂಗಿ ಬಿಚ್ಚಿಸಿದ.

"ಧಾತು ಪೂರಾ ಬತ್ತೇತಿ. ಇನ್ನ ವರ್ಷ ಕಳಿಯೂದ್ರಾಗ ನಿನ್ನ ದನಿ ಸಣ್ಣ ಆಗ್ತೈತಿ. ಎದಿ ಹೆಂಗಸರಂಗ ತುಂಬ್ತೈತಿ. ಆಮ್ಯಾಲ ಬ್ರಹ್ಮ ಬಂದ್ರೂ ಆಗೂದಿಲ್ಲ."

ಕೊಟ್ಟ ಪುಡಿ ನುಂಗಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಇದ್ದ ಮೂರು ತಾಸಿನ ನಿದ್ದೆಯೂ ಹಾರಿತು. ಅದಕ್ಕಿಂತ ಕೆಟ್ಟದ್ದು ಅವನ ಮಾತು. ಅಂದಿನಿಂದ ಗಿರಿಯಪ್ಪ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ಒಮ್ಮೊಮ್ಮೆ ಸುಮ್ಮನೆ ಜೋರಾಗಿ "ಹೋ" ಎಂದು ಕೂಗಿ ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತಿದ್ದ. ದನಿ ಸಣ್ಣಗಾಗಿದೆ ಎಂದೇ ಅನ್ನಿಸುತ್ತಿತ್ತು.

ಇತ್ತ ಅವನ ತಾಯಿ ದುರಗವ್ವ ಬೇರೆ ಲೆಕ್ಕ ಹಾಕಿದ್ದಳು. ಲಗ್ನವಾಗಿ ಎರಡು ವರ್ಷ, ತೊಟ್ಟಿಲು ಕಟ್ಟಿಲ್ಲ. ಓಣಿಯ ಹೆಂಗಸರು ನೀರಿನ ನಳದ ಹತ್ತಿರ ಕೇಳುವ ಮಾತು ಅವಳಿಗೆ ಸಾಕಾಗಿತ್ತು.

"ಸೊಸಿ ಬಂಜಿ ಅಂತ ಊರಿಗೆಲ್ಲ ಗೊತ್ತಾಗೇತಿ. ಐತವಾರ ಅಕಿ ಅಣ್ಣ ಹನುಮಪ್ಪ ಕುಂದಗೋಳದಿಂದ ಬರ್ತಾನ. ಸೋಡಚೀಟಿ ಬರದು ಕಳಿಸಿಬಿಡೂಣು. ಅಣ್ಣಿಗೇರಿಯಾಗ ಒಂದು ಹೆಣ್ಣ ನೋಡೇನಿ," ಎಂದು ಒಂದು ದಿನ ಮಗನಿಗೆ ನೇರವಾಗಿ ಹೇಳಿದಳು. ಕೂಡಿ ಬಾಳುವುದು ಮುಗಿಯಿತೆಂದು ಬರೆದುಕೊಡುವ ಆ ಚೀಟಿಯ ಹೆಸರು ಕೇಳಿ ಶೇವಂತೆವ್ವ ಒಲೆಯ ಮುಂದೆ ಕೂತಲ್ಲೇ ತಲೆಯೆತ್ತಿ ಗಂಡನ ಕಡೆ ನೋಡಿದಳು.

ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು: 'ನಿಮ್ಮ ಮಗ ನನ್ನ ಮುಟ್ಟಿಲ್ಲ.' ಅವಳು ಅನ್ನಲಿಲ್ಲ. ಅನ್ನಬೇಕಾದವನು ಅವನು. ಅಣ್ಣಿಗೇರಿಯ ಹೆಣ್ಣು ಬಂದರೆ ಅವಳಿಗೂ ತಿಂಗಳೊಳಗೆ ಗೊತ್ತಾಗುತ್ತದೆ, ಅವಳು ಶೇವಂತಿಯಂತೆ ಬಾಯಿ ಮುಚ್ಚಿಕೊಂಡಿರುವುದಿಲ್ಲ ಎಂಬ ಭಯ ಒಂದು ಕಡೆ. ಈಗ ಬಾಯಿ ಬಿಟ್ಟರೆ ಈಗಲೇ ಗೊತ್ತಾಗುತ್ತದೆ ಎಂಬ ಭಯ ಇನ್ನೊಂದು ಕಡೆ. ಅಷ್ಟರಲ್ಲಿ ಶೆಡ್ಡಿನವನು ಬಾಗಿಲು ಬಡಿದ. ಗಿರಿಯಪ್ಪ ಟಿಫಿನ್ ಡಬ್ಬಿಯನ್ನೂ ತೆಗೆದುಕೊಳ್ಳದೆ ಓಡಿದ.

ಅದು ೧೯೬೩ರ ಮಾರ್ಚ್ ತಿಂಗಳ ಒಂದು ಗುರುವಾರ. ಡ್ರೈವರ್ ಕಮರುದ್ದೀನರು, ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯರು. ಗಿರಿಯಪ್ಪ ಅವರನ್ನು ಚಾಚಾ ಅನ್ನುತ್ತಿದ್ದ. ಮರುದಿನ ಹಗಲು ಘಟ್ಟದ ಬುಡದ ಕುಳೆ ಸ್ಟೇಶನ್ನಿನಿಂದ ಮೇಲಕ್ಕೆ ಬರುವಾಗ ಘಟ್ಟದ ಏರು ಹತ್ತಿತು. ಇನ್ನೊಬ್ಬ ಫೈರ್‌ಮನ್ ಹಿಂದೆ ಕಲ್ಲಿದ್ದಲು ಒಡೆಯುತ್ತಿದ್ದ. ಗಿರಿಯಪ್ಪ ಸಲಿಕೆ ಎಸೆದ, ಎಸೆದ, ಎಸೆದ. ಆಮೇಲೆ ಅವನಿಗೆ ನೆನಪಿಲ್ಲ. ಕಣ್ಣು ತೆರೆದೇ ಇತ್ತಂತೆ. ಸಲಿಕೆ ಊರಿಕೊಂಡು ನಿಂತೇ ಇದ್ದನಂತೆ. ನಿಂತಲ್ಲೇ ನಿದ್ದೆ ಹೋಗಿದ್ದ.

ಎಚ್ಚರವಾದದ್ದು ಕಪಾಳಕ್ಕೆ ಬಿದ್ದ ಏಟಿನಿಂದ. ಕಮರುದ್ದೀನರು ಅವನನ್ನು ಪಕ್ಕಕ್ಕೆ ನೂಕಿ ನೀರಿನ ತಿರುಪು ತಿರುಗಿಸುತ್ತಿದ್ದರು. ಬಾಯ್ಲರಿನ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ತಳ ಸೇರಿ ಬರೀ ಒಂದು ಬೆರಳು ಉಳಿದಿತ್ತು. ಅದೂ ಇಳಿದು ಒಲೆಯ ನೆತ್ತಿ ಬರಿದಾದರೆ ಇಂಜಿನ್ ಸಿಡಿಯುತ್ತದೆ. ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ತಳ ಕಾಣದ ಕಣಿವೆ, ಹಿಂದೆ ಡಬ್ಬಿಗಳ ತುಂಬ ಮಂದಿ. ನೀರು ಸುಂಯ್‌ಗುಡುತ್ತ ಒಳಗೆ ಹೋಗತೊಡಗಿದಾಗ ಕಮರುದ್ದೀನರ ತುಟಿ ಪ್ರಾರ್ಥನೆ ಹೇಳುತ್ತಿತ್ತು. ಗಿರಿಯಪ್ಪ ಕಲ್ಲಿದ್ದಲ ಮೇಲೆ ಕುಸಿದು ಕೂತ.

ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತಾಗ ಕಮರುದ್ದೀನರು ಅವನನ್ನು ನೀರಿನ ತೊಟ್ಟಿಯ ಹಿಂದೆ ಕರೆದೊಯ್ದರು. ಬಯ್ಯುತ್ತಾರೆ ಎಂದುಕೊಂಡಿದ್ದ. ಅವರು ಬಯ್ಯಲಿಲ್ಲ.

"ಗಿರಿಯಾ, ನಾಲ್ಕು ತಿಂಗಳಿಂದ ನೋಡಾಕತ್ತೇನಿ. ಏನ್ ನುಂಗಾಕತ್ತಿ? ಗಾಂಜಾ ಏನು? ಖರೇ ಹೇಳು."

ಗಿರಿಯಪ್ಪ ಅತ್ತುಬಿಟ್ಟ. ತಂದೆಯ ವಯಸ್ಸಿನ ಮನುಷ್ಯನ ಮುಂದೆ ಹೇಳಬಾರದ್ದನ್ನೆಲ್ಲ ಹೇಳಿದ. ಗಡ್ಡ, ತೋಳು, ಹೆಂಡತಿ, ಡೇರೆಯವನ ಮಾತು, ಐತವಾರ ಬರಲಿರುವ ಹನುಮಪ್ಪ.

"ಚಾಚಾ, ನಾ ಗಂಡಸ ಉಳದಿಲ್ಲ."

ಕಮರುದ್ದೀನರು ತೊಟ್ಟಿಯಿಂದ ನೀರು ಹಿಡಿದು ಅವನ ಮುಖ ತೊಳೆಸಿದರು. "ನಮ್ಮ ತಮ್ಮ ಮಿಲಿಟ್ರಿಯಾಗಿದ್ದಾಗ ಅವನ ಜೀವಾ ಉಳಿಸಿದ ಡಾಕ್ಟರ್ ಒಬ್ರು ಧಾರವಾಡದಾಗ ಅದಾರ, ಸಪ್ತಾಪುರದಾಗ. ನಾಳಿ ಮುಂಜಾನೆ ನನ್ನ ಜೋಡಿ ಬರ್ತಿ. ಬರಲಿಲ್ಲಂದ್ರ ನಾನ ಶೆಡ್ಡಿಗೆ ಹೋಗಿ, ಇವಗ ಇಂಜಿನ್ ಹತ್ತಿಸಬ್ಯಾಡ್ರಿ ಅಂತ ಹೇಳ್ತೇನಿ."

ಸಪ್ತಾಪುರದ ಆ ಮನೆಯ ಜಗಲಿಯ ಮೇಲೆ ಕಾಲೇಜು ಹುಡುಗರು ಪುಸ್ತಕ ಹಿಡಿದು ಓಡಾಡುತ್ತಿದ್ದರು. ಹಿಂದಿನ ಕೋಣೆಗಳು ಅವರಿಗೆ ಬಾಡಿಗೆಗೆ. ಒಳಗೆ ಡಾಕ್ಟರ್ ಪಂಢರಿನಾಥರು, ಬಿಳಿ ಮೀಸೆ, ಸಣ್ಣ ದನಿ. ಅವರ ಮೇಜಿನ ಮುಂದೆ ಕೂತಾಗ ಗಿರಿಯಪ್ಪನಿಗೆ ನೇಣಿನ ತೀರ್ಪು ಕೇಳಲು ಬಂದಂತಾಗಿತ್ತು. ಡಾಕ್ಟರು ಒಂದು ತಾಸು ಪರೀಕ್ಷೆ ಮಾಡಿದರು. ಎದೆ, ಶ್ವಾಸ, ಕಣ್ಣು, ವೃಷಣ ಎಲ್ಲ ನೋಡಿದರು. ಸಕ್ಕರೆ ಕಾಯಿಲೆಯೇ ಎಂದು ಮೂತ್ರ ಕಾಯಿಸಿ ನೋಡಿದರು. ಆಮೇಲೆ ಕೇಳಿದ್ದು ಗಿರಿಯಪ್ಪ ಎಣಿಸದ ಪ್ರಶ್ನೆ.

"ನಿದ್ದಿ ಎಷ್ಟು ಮಾಡ್ತೀ?"

"ಮೂರು ತಾಸು ಆಗ್ತದ್ರಿ. ಒಮ್ಮೊಮ್ಮೆ ಅದೂ ಇಲ್ರಿ."

"ಎಷ್ಟು ದಿವಸಾತು?"

"ವರ್ಷ ಮ್ಯಾಲಾತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿನ್ನ ಎದಿ ಹೆಂಗಸರಂಗ ತುಂಬೂದಿಲ್ಲ. ಅದನ್ನ ಮೊದಲ ತಲಿಯಿಂದ ತಗದು ಹಾಕು. ನನ್ನ ಮಾತು ಸಾವಕಾಶ ಕೇಳು. ಗಂಡಸಿನ ಗಡ್ಡ, ದನಿ, ತೋಳಿನ ಶಕ್ತಿ, ಹೆಂಡತಿ ಮ್ಯಾಲಿನ ಮನಸ್ಸು ಇವನ್ನೆಲ್ಲ ನಡಸೂ ಒಂದು ರಸ ಅದ. ಟೆಸ್ಟೋಸ್ಟೆರೋನ್ ಅಂತಾರ. ವೃಷಣದಾಗ ತಯಾರಾಗಿ ರಕ್ತದಾಗ ಬೆರೀತದ. ಮಿದುಳು ಹುಕುಂ ಕೊಟ್ರ ಅದು ತಯಾರಾಗ್ತದ. ನಿದ್ದಿ ಇಲ್ಲದ, ಶಕ್ತಿ ಮೀರಿ ದುಡಿಯೋ ಮೈಯಾಗ ಮಿದುಳು ಏನು ತಿಳೀತದ ಗೊತ್ತದ? ಇವ ಯಾವುದೋ ಸಂಕಟದಾಗ ಸಿಕ್ಕಾನ, ಮೊದಲ ಜೀವಾ ಉಳೀಲಿ, ಸಂತಾನದ ಮಾತು ಆಮ್ಯಾಲ ಅಂತ. ಹುಕುಂ ಕಡಿಮಿ ಮಾಡ್ತದ."

ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇದು ಪುಸ್ತಕದಾಗ ಪೂರಾ ಬಂದಿಲ್ಲ. ನಾ ಕಣ್ಣಿಲೆ ಕಂಡದ್ದು ಹೇಳ್ತೀನಿ. ಯುದ್ಧದ ಕಾಲಕ್ಕ ಬರ್ಮಾ ಕಾಡಿನಾಗ ನಮ್ಮ ಸಿಪಾಯಿಗಳು ವಾರಗಟ್ಟಲೆ ನಿದ್ದಿ ಇಲ್ಲದ, ಊಟ ಇಲ್ಲದ ನಡದು ಬಂದ್ರು. ಪೈಲ್ವಾನರಂಥಾವರು. ಗಡ್ಡ ನಿಂತು ಹೋಗಿತ್ತು. ಊರಿಗೆ ರಜಾ ಮ್ಯಾಲೆ ಹೋದವರು ನಿನ್ನಂಗ ಅಳಕೋತ ಬಂದ್ರು. ಉಂಡು, ಮಲಗಿ, ಮೂರು ನಾಲ್ಕು ತಿಂಗಳದಾಗ ಬಹಳ ಮಂದಿ ಸುಧಾರಿಸಿದ್ರು."

"ಬಹಳ ಮಂದಿ ಅಂದ್ರಿ. ಎಲ್ಲಾರೂ ಅಲ್ಲೇನ್ರಿ?"

"ಎಲ್ಲಾರೂ ಅಲ್ಲ," ಎಂದರು ಡಾಕ್ಟರು. "ನಾ ಸುಳ್ಳು ಹೇಳೂದಿಲ್ಲ."

"ಸೂಜಿ ಅದಾವಂತಲ್ರಿ ಸಾಹೇಬ್ರ. ಆ ರಸದ್ದ ಸೂಜಿ. ಹಾಕಿಬಿಡ್ರಿ."

"ಅದಾವ. ಹೊರಗಿಂದ ಹಾಕಿದ್ರ ನಿನ್ನ ಮೈ, ತಾ ಯಾಕ ಮಾಡಬೇಕು ಅಂತ ಪೂರಾ ಕೈ ಕಟ್ಟಿ ಕೂಡ್ತದ. ಮಕ್ಕಳಾಗೂದು ಮತ್ತಷ್ಟು ದೂರ. ನಿನ್ನ ರಸಾ ಅಳತಿ ಮಾಡೂ ಯಂತ್ರ ನಮ್ಮ ಕಡೆ ಇಲ್ಲ. ಮೊದಲ ನಿದ್ದಿ ಮಾಡು, ಆಮ್ಯಾಲ ನೋಡೂಣು. ಹಗಲು ಪಾಳಿ ಕೆಲಸ ಕೇಳ್ಕೋ, ನಾ ಸರ್ಟಿಫಿಕೇಟ್ ಬರದುಕೊಡ್ತೀನಿ. ಆ ಪುಡಿ ಗಟಾರಕ್ಕ ಒಗಿ. ಇನ್ನೊಂದು, ನಿನ್ನ ಹೆಂಡತಿಗೆ ಖರೇ ಸಂಗತಿ ಹೇಳು. ಅಂಜಿಕಿ ಇಟ್ಕೊಂಡು ಮಲಗಿದ್ರ ನಿದ್ದಿ ಬರೂದಿಲ್ಲ."

ಐತವಾರ ಹನುಮಪ್ಪ ಬಂದು ಪಡಸಾಲೆಯಲ್ಲಿ ಕೂತಿದ್ದ. ಶೇವಂತೆವ್ವನ ಟ್ರಂಕು ಬಾಗಿಲ ಬಳಿ ಇತ್ತು. ದುರಗವ್ವ ಮಾತು ಶುರು ಮಾಡಿದಳು: ದೇವರು ಕಣ್ಣು ತೆರೆಯಲಿಲ್ಲ, ನಿಮ್ಮ ತಂಗಿಯ ಹೊಟ್ಟೆ ಫಲಿಸಲಿಲ್ಲ, ನಾವೂ ಎರಡು ವರ್ಷ ಕಾಯ್ದೆವು. ಹನುಮಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ಘಟ್ಟದಲ್ಲಿ ಕೊಳವೆಯ ನೀರು ತಳ ಸೇರಿದಾಗ ಆದದ್ದಕ್ಕಿಂತ ಹೆಚ್ಚಿನ ಭಯ ಅದು ಎಂದು ಗಿರಿಯಪ್ಪ ಆಮೇಲೆ ಹೇಳುತ್ತಿದ್ದ. ಅಲ್ಲಿ ಸಾಯುವುದಷ್ಟೇ ಇತ್ತು.

"ಅವ್ವಾ, ಸುಮ್ನ ಇರು," ಎಂದ. "ಕಸರ ಅಕೀದಲ್ಲ, ನಂದು. ಹತ್ತ ತಿಂಗಳಾತು, ನಾ ಅಕಿನ್ನ ಮುಟ್ಟಿಲ್ಲ. ನನ್ನ ಮೈಯಾಗ ಶಕ್ತಿ ಇಲ್ಲ. ನಿನ್ನಿ ಡಾಕ್ಟರ ಹತ್ರ ಹೋಗಿ ಬಂದೇನಿ."

ದುರಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹನುಮಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ಶೇವಂತೆವ್ವ ಟ್ರಂಕಿನ ಹತ್ತಿರ ಹೋದಳು. ಅದನ್ನು ಒಳಗೆ ಇಡುತ್ತಾಳೆ ಎಂದು ಗಿರಿಯಪ್ಪ ಅಂದುಕೊಂಡ. ಅವಳು ಅದನ್ನು ಎತ್ತಿಕೊಂಡಳು.

"ಇಷ್ಟ ಮಾತು ಹೇಳಾಕ ಹತ್ತ ತಿಂಗಳ ಬೇಕಾತೇನ್ರಿ? ಮಂದಿ ನನಗ ಏನೇನ ಅಂದ್ರು, ನೀವು ಕೇಳಿದ್ರಿ. ನಾ ಅಣ್ಣನ ಜೋಡಿ ಹೋಗ್ತೇನಿ. ಸೋಡಚೀಟಿ ಬ್ಯಾಡ. ಬರಬೇಕು ಅನಿಸಿದಾಗ ಬರ್ತೇನಿ."

ಆ ಬೇಸಿಗೆ ಗಿರಿಯಪ್ಪನ ಬಾಳಿನ ಅತಿ ಕೆಟ್ಟ ಬೇಸಿಗೆ. ಸರ್ಟಿಫಿಕೇಟ್ ನೋಡಿ ಶೆಡ್ಡಿನಲ್ಲಿ ಹಗಲಿನ ಹಗುರ ಕೆಲಸ ಕೊಟ್ಟರು. ಲೈನಿನಿಂದ ಇಳಿದವನೆಂದು ಜೊತೆಯವರು ಮುಸಿಮುಸಿ ನಕ್ಕರು. ಡ್ರೈವರ್ ಆಗುವ ಸಾಲಿನಲ್ಲಿ ಅವನಿಗಿಂತ ಕಿರಿಯರು ಮುಂದೆ ಹೋದರು. ರಾತ್ರಿ ಒಂಬತ್ತಕ್ಕೆ ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಗಾಳಿಗೆ ಬಾಗಿಲು ಅಲುಗಿದರೆ ಕರೆಯಲು ಬಂದರೆಂದು ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದ. 'ಎಲ್ಲಾರೂ ಅಲ್ಲ' ಎಂಬ ಡಾಕ್ಟರ ಮಾತು ಕಿವಿಯಲ್ಲಿ ಕೂತಿತ್ತು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎರಡನೆಯ ತಿಂಗಳು ಆರು ತಾಸು ಒಂದೇ ಸಮನೆ ಮಲಗಿದ. ಎದ್ದಾಗ ಕೋಳಿ ಕೂಗಿ, ಬೆಳಕು ಹರಿದಿತ್ತು. ಸತ್ತೇಹೋಗಿದ್ದೆನೇನೋ ಎಂದು ಗಾಬರಿಯಾಯಿತಂತೆ. ದುರಗವ್ವ ಮಾತಿಲ್ಲದೆ ಹಾಲು, ಮೊಳಕೆ ಕಾಳು, ತತ್ತಿ ಮುಂದಿಡುತ್ತಿದ್ದಳು.

ಆಷಾಢ ಕಳೆಯುವ ಹೊತ್ತಿಗೆ ಮೈಗೆ ಬಿಗಿ ಬಂತು. ಒಂದು ಬೆಳಗಿನ ಜಾವ ಎಚ್ಚರವಾದಾಗ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಮೈ ತಾನಾಗಿಯೇ ಎದ್ದಿತ್ತು. ಗಿರಿಯಪ್ಪ ಸಂತೋಷಪಡಲಿಲ್ಲ. ಇದು ಇವತ್ತಿಗಷ್ಟೇ ಇರಬಹುದು ಎಂದು ಅಂಜಿ, ಯಾರಿಗೂ ಹೇಳಲಿಲ್ಲ; ಧಾರವಾಡಕ್ಕೆ ಹೋಗಿ ಡಾಕ್ಟರಿಗೆ ಮಾತ್ರ ಹೇಳಿ ಬಂದ. ಅವರು "ಅವಸರ ಮಾಡಬ್ಯಾಡ" ಎಂದಷ್ಟೇ ಅಂದರು.

ಶ್ರಾವಣದ ಎರಡನೆಯ ಸೋಮವಾರ ಶೇವಂತೆವ್ವ ಒಬ್ಬಳೇ ಬಸ್ಸಿಳಿದು ಬಂದಳು. ಬಂದವಳು ಅತ್ತೆಗೆ ನಮಸ್ಕಾರ ಮಾಡಿ ಗಂಡನಿಗೆ ಕೇಳಿದಳು: "ನಿದ್ದಿ ಬರ್ತೈತೇನ್ರಿ ಈಗ?"

"ಬರ್ತೈತಿ," ಎಂದ.

"ನನಗ ಬರ್ತಿದ್ದಿಲ್ಲ ಅಲ್ಲಿ," ಎಂದಳು ಅವಳು.

ಕೂಡಲೇ ಎಲ್ಲ ಸರಿಹೋಯಿತೆಂದಲ್ಲ. ಮೊದಲ ಕೆಲವು ವಾರ ಅವನಿಗೆ ಮತ್ತೆ ಕೈಕಾಲು ತಣ್ಣಗಾಗುತ್ತಿದ್ದವು. ಅವಳು, "ಇರ್ಲಿ ಬಿಡ್ರಿ, ಮಲಗೂಣು" ಎಂದು ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಅವಳಿಗೆ ಗೊತ್ತಿದೆ, ಮುಚ್ಚಿಡಬೇಕಾದ್ದೇನೂ ಇಲ್ಲ ಎಂಬುದು ಅವನಿಗೆ ಔಷಧಿಗಿಂತ ಹೆಚ್ಚಾಯಿತು. ದಸರೆಯ ಹೊತ್ತಿಗೆ ಅವರು ಗಂಡ ಹೆಂಡತಿಯಾಗಿ ಬಾಳತೊಡಗಿದರು.

ಗಿರಿಯಪ್ಪ ಮತ್ತೆ ಇಂಜಿನ್ ಹತ್ತಲಿಲ್ಲ. ಶೆಡ್ಡಿನಲ್ಲಿ ಬಾಯ್ಲರ್ ರಿಪೇರಿಯ ಕೆಲಸ ಕಲಿತು ಅಲ್ಲೇ ಉಳಿದ. ಆ ಬೇಸರ ಅವನಿಗೆ ಕೊನೆಯ ತನಕ ಇತ್ತು. ಕಮರುದ್ದೀನರು ನಿವೃತ್ತರಾದ ದಿನ ಅವರ ಕೊನೆಯ ಗಾಡಿಯ ಇಂಜಿನ್ನಿಗೆ ಹೂಮಾಲೆ ಹಾಕಿದವನು ಅವನೇ.

೧೯೬೪ರ ನವೆಂಬರಿನಲ್ಲಿ ಶೇವಂತೆವ್ವ ಹೆಣ್ಣುಮಗುವನ್ನು ಹೆತ್ತಳು. ಹೆರಿಗೆ ಕಷ್ಟವಾಯಿತು, ಒಂದೂವರೆ ದಿನ ಗಿರಿಯಪ್ಪ ಓಣಿಯಲ್ಲಿ ಕೂತು, ಇಷ್ಟೆಲ್ಲ ಆಗಿ ಈಗ ಇವಳನ್ನೇ ಕಳೆದುಕೊಂಡೆನೇ ಎಂದು ನಡುಗಿದ. ತಾಯಿ ಮಗು ಇಬ್ಬರೂ ಉಳಿದರು.

ಬಾಣಂತಿಗೆ ನೀರೆರೆಯಲು ದುರಗವ್ವ ಬೇರೆಯವರನ್ನು ಕರೆಯಲಿಲ್ಲ. ಐದನೆಯ ದಿನ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಶೇವಂತಿ, ನಾ ಆವಾಗ ನಿನಗ..." ಎಂದು ಶುರು ಮಾಡಿ ಮುಂದೆ ಹೇಳಲಾರದೆ ನಿಂತಳು.

ಶೇವಂತೆವ್ವ ತಿರುಗಿ ನೋಡಲಿಲ್ಲ. "ಬೆನ್ನಿಗೆ ಇನ್ನಷ್ಟು ಬಿಸಿನೀರು ಹಾಕ್ರಿ, ಅತ್ತಿ," ಎಂದಳು.

ದುರಗವ್ವ ಹಾಕಿದಳು. ಹಂಡೆಯ ನೀರು ಮುಗಿಯುವ ತನಕ ಹಾಕಿದಳು.